ದುಭಾಷಿಯ ವಾಲಿಬಾಲ್ ಕಾಮೆಂಟರಿ

ರಿಫಾನಾ ಕಾಸರಗೋಡಿನ ಕೋರ್ಟಿನಲ್ಲಿ ದುಭಾಷಿಯಾಗಿ ಸೇರಿ ಆರು ವರ್ಷವಾಗಿತ್ತು. ಸಾಕ್ಷಿಗಳು ತುಳುವಿನಲ್ಲೋ ಅವಳ ಮನೆಮಾತಾದ ಬ್ಯಾರಿಯಲ್ಲೋ ಕನ್ನಡದಲ್ಲೋ ಹೇಳಿದ್ದನ್ನು ಜಡ್ಜರಿಗೆ ಮಲಯಾಳದಲ್ಲಿ ತಿಳಿಸುವುದು ಅವಳ ಕೆಲಸ. 'ಅವರು ಹೀಗೆ ಹೇಳಿದರು' ಎನ್ನುವ ಹಾಗಿಲ್ಲ. ಸಾಕ್ಷಿ 'ನಾನು' ಅಂದರೆ ಅವಳೂ 'ನಾನು' ಎಂದೇ ಹೇಳಬೇಕು. 'ನನ್ನ ತೆಂಗಿನಮರ ಕಡಿದದ್ದು ಇವನೇ' ಎಂದು ಎಪ್ಪತ್ತರ ಮುದುಕರ ಬದಲಿಗೆ ಗಂಭೀರವಾಗಿ ನುಡಿಯುವಾಗ ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು.

ಈ ಜನವರಿಯಲ್ಲಿ ಬಂದದ್ದು ಕೊಲೆ ಕೇಸು. ಸಾಕ್ಷಿಯ ಕಟಕಟೆ ಹತ್ತಿದ್ದು ಸತ್ತವನ ತಾಯಿ. ಎರಡು ದಿನ ಆಕೆ ಬ್ಯಾರಿಯಲ್ಲಿ ಹೇಳಿದಳು, ಎರಡು ದಿನ ರಿಫಾನಾ ಮಲಯಾಳದಲ್ಲಿ ಹೇಳಿದಳು: "ನನ್ನ ಮಗ 'ಉಮ್ಮಾ, ಬಾಗಿಲು ತೆಗಿ' ಎಂದು ಕೂಗಿದ. ನಾನು ಚಿಲಕ ತೆಗೆಯುವಷ್ಟರಲ್ಲಿ ಅವನು ಮೆಟ್ಟಿಲ ಮೇಲೆ ಬಿದ್ದಿದ್ದ."

ಒಂದು ಶಬ್ದವೂ ತಪ್ಪಲಿಲ್ಲ, ಸ್ವರವೂ ನಡುಗಲಿಲ್ಲ. ಆದರೆ ಮಾರನೇ ದಿನ ಮನೆಯಲ್ಲಿ ಅವಳ ಉಮ್ಮ ನಬೀಸುಮ್ಮ ಒಳಗಿನಿಂದ "ಆ ಬಾಗಿಲು ಹಾಕು ಮಗಳೇ" ಅಂದಾಗ ರಿಫಾನಾಳ ಕಾಲು ಅಲ್ಲೇ ನಿಂತಿತು. ಅಂದಿನಿಂದ ಮನೆಯ ಮಾತು ಬಾಯಿಗೆ ಬರುವುದೇ ನಿಂತುಹೋಯಿತು. ಬ್ಯಾರಿಯಲ್ಲಿ ಮಾತೆತ್ತಿದರೂ ಅರ್ಧಕ್ಕೇ ಬಿಟ್ಟು ಮಲಯಾಳಕ್ಕೆ ಹೊರಳುತ್ತಿದ್ದಳು. ಚಹಾ ಬೇಕೆಂದರೂ ಮಲಯಾಳ, ತಲೆನೋವೆಂದರೂ ಮಲಯಾಳ.

"ಎಂತದು, ನಾನು ನಿನಗೆ ಜಡ್ಜರ ಹಾಗೆ ಕಾಣ್ತೇನಾ?" ಎಂದು ನಬೀಸುಮ್ಮ ಮೊದಮೊದಲು ತಮಾಷೆ ಮಾಡಿದರು. ಹದಿನೈದು ದಿನವಾದ ಮೇಲೆ ತಮಾಷೆ ಬಿಟ್ಟರು.

ಅವಳಿಗೆ ಏನೋ ಆಗಿದೆ ಎಂದು ಕೋರ್ಟಿನಲ್ಲಿ ಗುರುತಿಸಿದ್ದು ಸರಕಾರಿ ವಕೀಲೆ ದಮಯಂತಿ. ಅಡೂರಿನವರು, ಇಪ್ಪತ್ತೆರಡು ವರ್ಷದಿಂದ ಕ್ರಿಮಿನಲ್ ಕೇಸುಗಳಲ್ಲೇ ಪಳಗಿದವರು. ಕ್ಯಾಂಟೀನಿನಲ್ಲಿ ರಿಫಾನಾಳ ಎದುರು ಕೂತು, ಅವಳ ಮುಂದೆ ಆರಿಹೋದ ಚಹಾ ನೋಡಿ ಕೇಳಿದರು.

"ಊಟ ಸೇರ್ತದಾ? ನಿದ್ದೆ?"

"ಇಲ್ಲ ಮೇಡಂ. ಆ ಕೊಲೆ ಕೇಸಿನ ಉಮ್ಮ ಹೇಳಿದ್ದು ನನಗೇ ಆದದ್ದು ಅಂತ ಆಗಿಬಿಟ್ಟಿದೆ."

"ನನಗೂ ಒಮ್ಮೆ ಹಾಗೆ ಆಗಿತ್ತು. ನಾಲ್ಕು ತಿಂಗಳು ಯಾರಲ್ಲೂ ಬಾಯಿ ಬಿಡಲಿಲ್ಲ. ದೊಡ್ಡ ತಪ್ಪು ಮಾಡಿದೆ. ನೀನು ಹಾಗೆ ಮಾಡಬೇಡ."

ಆ ವಾರವೇ ದಮಯಂತಿ ಅವಳನ್ನು ಕೌನ್ಸೆಲರ್ ಒಬ್ಬರ ಬಳಿ ಕರೆದುಕೊಂಡು ಹೋದರು. ಆಮೇಲೆ ಇಬ್ಬರೂ ಕೂಡಿ ಜಡ್ಜರಿಗೆ ಒಂದು ಅರ್ಜಿ ಬರೆದರು: ಇಂಥ ಕೇಸುಗಳಲ್ಲಿ ಇಬ್ಬರು ದುಭಾಷಿಗಳು ಸರದಿಯಲ್ಲಿ ಕೆಲಸ ಮಾಡಲಿ, ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವಿರಲಿ. ಜಡ್ಜರು ಓದಿ, "ಇದನ್ನು ನೀವು ಮೊದಲೇ ಕೇಳಬೇಕಿತ್ತು" ಎಂದು ಸಹಿ ಹಾಕಿದರು.

"ಇನ್ನೊಂದು ಮದ್ದು ಉಂಟು," ಎಂದರು ದಮಯಂತಿ. "ಎರಡನೇ ಶನಿವಾರ ಬೆಳಿಗ್ಗೆ ಮೈದಾನಕ್ಕೆ ಬಾ."

ಅಲ್ಲಿ ವಕೀಲರು, ಪೊಲೀಸರು, ಕೋರ್ಟಿನ ಗುಮಾಸ್ತರು ವಾಲಿಬಾಲ್ ಆಡುತ್ತಿದ್ದರು. ಆಟಕ್ಕಿಂತ ದೊಡ್ಡದು ಅಲ್ಲಿನ ಕಾನೂನು: ಕೇಸಿನ ಮಾತೆತ್ತಿದವರು ಆ ದಿನ ಪೂರ್ತಿ ಚೆಂಡು ಹೆಕ್ಕಬೇಕು. ನೋಡಲು ನಬೀಸುಮ್ಮನೂ ಬಂದಿದ್ದರು, ಎರಡು ಪಾತ್ರೆ ತುಂಬ ಅಕ್ಕಿರೊಟ್ಟಿಯಂಥ ಪತ್ತಿರಿ, ಕೋಳಿಸಾರು ಹೊತ್ತುಕೊಂಡು. ಪ್ರತಿ ಸಲ ಮೈಕ್ ಹಿಡಿದು ಕಾಮೆಂಟರಿ ಹೇಳುವ ವಕೀಲ ಮುರಳೀಕೃಷ್ಣರಿಗೆ ಅಂದು ಶೀತದಿಂದ ಸ್ವರ ಹೊರಡುತ್ತಿರಲಿಲ್ಲ. ದಮಯಂತಿ ಮೈಕನ್ನು ರಿಫಾನಾಳ ಕೈಗೆ ಕೊಟ್ಟು ಆಟಕ್ಕೆ ಇಳಿದರು.

ಅವಳು ಶುದ್ಧ ಮಲಯಾಳದಲ್ಲಿ, ತೀರ್ಪು ಓದುವಂತೆ ಶುರು ಮಾಡಿದಳು. ಪೊಲೀಸ್ ಕಡೆಯಿಂದ ಹೆಡ್ ಕಾನ್‌ಸ್ಟೇಬಲ್ ಉಗ್ಗಪ್ಪ ಸರ್ವ್ ಮಾಡಲು ಬಂದರು. ಹೊಟ್ಟೆ ಒಳಗೆಳೆದು, ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಬೀಸಿದರು. ಚೆಂಡು ನೆಟ್ಟಿನ ದಿಕ್ಕಿಗೇ ಹೋಗಲಿಲ್ಲ. ಮುಂದೆ ನಿಂತಿದ್ದ ಅವರದೇ ಎಸ್‌.ಐ. ಸಾಹೇಬರ ಬೆನ್ನಿಗೆ ಧಡ್ ಎಂದು ಬಡಿಯಿತು.

"ಅಯ್ಯೋ ಉಗ್ಗಪ್ಪಣ್ಣ," ಎಂದಳು ರಿಫಾನಾ, "ಆರೋಪಿ ಆಚೆ ಕಡೆ ನಿಂತಿದ್ದಾನೆ, ನೀವು ನಿಮ್ಮದೇ ಸಾಕ್ಷಿಗೆ ಹೊಡೆದದ್ದು ಎಂತಕ್ಕೆ?"

ಅದು ಬ್ಯಾರಿಯಲ್ಲಿ ಬಂದಿತ್ತು. ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಬ್ಯಾರಿ ಬಲ್ಲವರೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದಾಗ ಗೊತ್ತಾಯಿತು. ಉಳಿದವರು "ಎಂತ ಹೇಳಿದ್ದು, ಎಂತ ಹೇಳಿದ್ದು" ಎಂದು ಕೇಳಿದರು. ಅವಳು ತುಳುವಿನಲ್ಲಿ ಹೇಳಿದಳು, ಕನ್ನಡದಲ್ಲಿ ಹೇಳಿದಳು, ಕಡೆಗೆ ಮಲಯಾಳದಲ್ಲೂ ಹೇಳಿದಳು. ಪ್ರತಿ ಭಾಷೆಯಲ್ಲೂ ಹೊಸಬರು ನಕ್ಕರು. ಎಸ್‌.ಐ. ಸಾಹೇಬರು ನಾಲ್ಕು ಸಲವೂ ನಕ್ಕರು.

ಉಗ್ಗಪ್ಪ ಮಾತ್ರ ಕೈ ಎತ್ತಿದರು. "ಆರೋಪಿ, ಸಾಕ್ಷಿ ಅಂದರೆ ಕೇಸಿನ ಮಾತಲ್ವಾ ಮಾರಾಯ್ರೆ?"

ಆಟ ನಿಲ್ಲಿಸಿ ವಿಚಾರಣೆ ನಡೆಯಿತು. ದಮಯಂತಿ ರಿಫಾನಾಳೇ ತಪ್ಪಿತಸ್ಥೆ ಎಂದು ತೀರ್ಮಾನಿಸಿದರು. ಉಳಿದ ಆಟವೆಲ್ಲ ಅವಳು ಒಂದು ಕೈಯಲ್ಲಿ ಮೈಕ್ ಹಿಡಿದು, ಇನ್ನೊಂದರಲ್ಲಿ ಚೆಂಡು ಹೆಕ್ಕುತ್ತ, ಏದುಸಿರು ಬಿಡುತ್ತ ಕಾಮೆಂಟರಿ ಹೇಳಿದಳು.

ಹನ್ನೊಂದು ಗಂಟೆಗೆ ಆಟ ಮುಗಿದು ರಿಫಾನಾ ಮರದ ನೆರಳಿಗೆ ಬಂದಾಗ ನಬೀಸುಮ್ಮನ ಕಣ್ಣು ತೇವವಾಗಿತ್ತು. "ಹಸಿವಾಗ್ತದಾ?" ಎಂದು ಬ್ಯಾರಿಯಲ್ಲಿ ಕೇಳಿದರು.

"ಜೋರು ಹಸಿವು ಉಮ್ಮಾ," ಎಂದಳು ರಿಫಾನಾ, ಬ್ಯಾರಿಯಲ್ಲೇ.

ಐದು ಪತ್ತಿರಿ ತಿಂದಳು. ಆರನೆಯದನ್ನು ಸಾರಿನಲ್ಲಿ ಅದ್ದುವಷ್ಟರಲ್ಲಿ, ಕೊನೆಯ ಚೆಂಡು ಗೆರೆಯ ಮೇಲೆ ಬಿದ್ದದ್ದೆಂದು ಉಗ್ಗಪ್ಪ ತುಳುವಿನಲ್ಲಿ ತಕರಾರು ತೆಗೆದರು. ಗೆರೆಯಿಂದ ಒಂದು ಗೇಣು ಹೊರಗೆ ಬಿದ್ದದ್ದೆಂದು ಅವಳು ಬಾಯಿತುಂಬ ಪತ್ತಿರಿ ಇಟ್ಟುಕೊಂಡೇ ವಾದಕ್ಕಿಳಿದಳು.