ಒಡೆದ ದನಿ

ಪರದೆಯ ಮೇಲೆ ನಗರ ಮೂರನೇ ಸಲ ಕುಸಿದಾಗ ಅಕ್ಕ ನೋಟ್‌ಬುಕ್ಕಿನ ಪುಟ ತಿರುವಿದಳು. ಎರಡು ಪಟ್ಟಿ ಮಾಡಿಕೊಂಡಿದ್ದಳು: ಚೆನ್ನಾಗಿದೆ, ಚೆನ್ನಾಗಿಲ್ಲ. ಎರಡನೆಯದು ಆಗಲೇ ತುಂಬಿತ್ತು. ಖಳನಿಗೆ ಅಷ್ಟು ಸಿಟ್ಟೇಕೆಂದು ತಿಳಿಯುವುದಿಲ್ಲ. ಹೊಡೆದಾಟ ಮುಗಿಯುವುದೇ ಇಲ್ಲ. ಮೊದಲನೆಯದರಲ್ಲಿ ಇದ್ದದ್ದು ಒಂದೇ: ಹಾರಬಲ್ಲ ಹುಡುಗಿ, ಅಮ್ಮನಿಗೆ ತಿಳಿಯಬಾರದೆಂದು, ಮನೆಗೆ ಮಾತ್ರ ಮೆಟ್ಟಿಲು ಹತ್ತಿಯೇ ಬರುತ್ತಾಳೆ.

ಸಿನಿಮಾದ ಮೊದಲ ಭಾಗದಲ್ಲಿ ಆ ಹದಿನಾರರ ಹುಡುಗಿಗೆ ದನಿ ಕೊಟ್ಟವಳು ಅಕ್ಕ. ಎರಡನೇ ಭಾಗ ಬಂದಾಗ ಡಬ್ಬಿಂಗ್ ಮೇಷ್ಟ್ರು, "ನಿನ್ನ ದನಿ ಬೆಳೆದುಬಿಡ್ತಮ್ಮ" ಎಂದು ತಂಗಿಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಅಕ್ಕನಿಗೆ ಉಳಿದದ್ದು ಕೂತು ತಪ್ಪು ಹುಡುಕುವ ಕೆಲಸ.

ಪರದೆಯ ಮೇಲೆ, ಅಮ್ಮನಿಗೆ ಕೊನೆಗೂ ಗುಟ್ಟು ತಿಳಿದ ಮೇಲೆ, ಹುಡುಗಿ ಮಹಡಿಯ ಅಂಚಿನಲ್ಲಿ ನಿಂತಳು. "ಇವತ್ತು ಹಾರಕ್ಕಾಗಲ್ಲಮ್ಮ. ಭಯ ಆಗ್ತಿದೆ."

'ಭಯ' ಎನ್ನುವಲ್ಲಿ ತಂಗಿಯ ದನಿ ಒಡೆಯಿತು. ಅಕ್ಕನ ತೋಳಿನ ಮೇಲೆ ನವಿರೆದ್ದಿತು. ಇದನ್ನು ಇವಳು ಎಲ್ಲಿ ಕಲಿತಳು? ಜಿರಳೆ ಕಂಡರೆ ಮಂಚ ಹತ್ತುವವಳು. ತೋಳನ್ನು ಗಟ್ಟಿಯಾಗಿ ಉಜ್ಜಿಕೊಂಡು ಎರಡನೇ ಪಟ್ಟಿಯಲ್ಲಿ ಬರೆದಳು: ದನಿ ಒಡೆದಿದೆ, ಮತ್ತೆ ಮಾಡಬೇಕು.

ಮೇಷ್ಟ್ರು ಓದಿ ಹುಬ್ಬೇರಿಸಿದರು. "ನಂಗೇನೋ ಅಲ್ಲೇ ಕರುಳು ಚುರುಕ್ ಅಂತು."

"ಮಾತು ಸ್ಪಷ್ಟ ಇಲ್ಲ, ಸರ್."

"ನಿನ್ನ ಕಿವಿ ಮೇಲೆ ನಂಬಿಕೆ ಇದೆ ನಂಗೆ. ಹಾಗಿದ್ರೆ ಅದೊಂದು ಮಾತು ನೀನೇ ಹೇಳ್ಬಿಡು. ಅಷ್ಟಕ್ಕೆ ಯಾರಿಗೂ ಗೊತ್ತಾಗಲ್ಲ."

ಹೊರಗೆ ಬೆಂಚಿನ ಮೇಲೆ ತಂಗಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂತಿದ್ದಳು. "ನನ್ನ ಮಾತಲ್ಲಿ ಎಷ್ಟು ತಪ್ಪು ಹಿಡಿದೆ, ಅಕ್ಕಾ? ನಿಜ ಹೇಳು, ಅಳಲ್ಲ."

"ಒಂದು."

"ಒಂದೇನಾ? ಬದುಕಿದೆ. ನೀನು ಪುಸ್ತಕ ತುಂಬಿಸ್ತೀಯ ಅಂದ್ಕೊಂಡಿದ್ದೆ." ಮುಚ್ಚಳಕ್ಕೆ ನೀರು ಬಗ್ಗಿಸಿ ಮುಂದೆ ಹಿಡಿದಳು. "ಗಂಟಲು ಒಣಗಿದೆ ನಿಂಗೆ. ಕುಡಿ."

ಅಕ್ಕ ಕುಡಿದಳು.

ಗಾಜಿನ ಕೋಣೆಯಲ್ಲಿ ಅಕ್ಕ ಮೈಕಿನ ಮುಂದೆ ನಿಂತಳು; ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಪರದೆಯಲ್ಲಿ ಹುಡುಗಿ ಅಂಚಿಗೆ ಬಂದಳು. ಅಕ್ಕ ಹೇಳಿದಳು, ಒಂದೊಂದು ಅಕ್ಷರವೂ ತೊಳೆದು ಬೋರಲು ಹಾಕಿದ ಲೋಟದ ಹಾಗಿತ್ತು.

"ಸ್ಪಷ್ಟವಾಗಿದೆ," ಎಂದರು ಮೇಷ್ಟ್ರು ಗಾಜಿನಾಚೆಯಿಂದ. ಅಷ್ಟೇ ಅಂದರು. ಚಿತ್ರವನ್ನು ಹಿಂದಕ್ಕೆ ಓಡಿಸಿ, "ಇನ್ನೊಂದ್ಸಲ ನೋಡೋಣ್ವಾ?"

ಹುಡುಗಿ ಮತ್ತೆ ಅಂಚಿಗೆ ಬಂದಳು. ತುಟಿಗಳು ಅಲ್ಲಾಡಿದವು. ಅಕ್ಕನ ಕಿವಿಯಲ್ಲಿ ತಂಗಿಯ ಒಡೆದ 'ಭಯ'ವೇ ಕೇಳುತ್ತಿತ್ತು; ಬಾಯಿ ತೆರೆಯಲಿಲ್ಲ. ದನಿಯಿಲ್ಲದ ಹುಡುಗಿ ಅಮ್ಮನಿಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಅಲ್ಲೇ ಕಾಯುತ್ತ ನಿಂತಳು. ಕೆಂಪು ದೀಪ ಉರಿಯುತ್ತಲೇ ಇತ್ತು.