ಎಮ್ಮೆ ಎಬ್ಬಿಸುವ ಪುಸ್ತಕ

“ಬಾಯಾರ, ಇಂವನ ಹೆಸರೂ ಹಾಜರಿಯೊಳಗ ಹಚ್ಚಿಬಿಡ್ರಿ. ಮಾಮಾ-ಸೊಸಿ ಇಬ್ರೂ ಒಂದ ಚಾಪಿ ಮ್ಯಾಲ ಕುಂತು ಅ ಆ ಕಲೀಲಿ. ಮಧ್ಯಾಹ್ನ ಖಿಚಡಿನೂ ಸಿಗತೈತಿ ಪಾಪ, ಅಂವಗ.”

ಮಗನನ್ನು ಬಿಡಲು ಬಂದಿದ್ದ ವಿಕ್ರಾಂತ ಇದನ್ನು ಹೇಳಿದ್ದು ಬೋರಗಾಂವದ ಅಂಗನವಾಡಿಯ ಒಳಗೆ, ಗೋಡೆಗೆ ಆತು ಕೂತಿದ್ದ ಅಷ್ಟೂ ತಾಯಂದಿರ ಎದುರಿಗೆ. ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನಗಬಾರದು ಅಂದುಕೊಂಡವರೂ ಖಿಚಡಿಯ ಮಾತಿಗೆ ತಡೆಯಲಾರದೆ ನಕ್ಕುಬಿಟ್ಟರು. ಬಾಗಿಲಲ್ಲಿ ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದ ದುಂಡೇಶ, ಇನ್ನೊಂದನ್ನು ಬಿಡಲೋ ಬೇಡವೋ ಎಂದು ಹಾಗೇ ನಿಂತ. ರಾತ್ರಿ ಪಾಳಿ ಮುಗಿಸಿ ಮಗ್ಗದ ಶೆಡ್ಡಿನಿಂದ ಸೀದಾ ಬಂದಿದ್ದ. ಹುಬ್ಬಿನ ಮೇಲೆಲ್ಲ ಹತ್ತಿಯ ಪುಡಿ ಕೂತಿತ್ತು. ಅದರ ಕೆಳಗೆ ಮುಖ ಕೆಂಪಾದದ್ದು ಮತ್ತಷ್ಟು ಎದ್ದು ಕಾಣುತ್ತಿತ್ತು.

ಇನ್ನೊಂದು ಕ್ಷಣವಾಗಿದ್ದರೆ ತಿರುಗಿ ಹೋಗುತ್ತಿದ್ದನೇನೋ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಕೋಮಲ ಎದ್ದು ಕೈ ಎತ್ತಿ ಕೂಗಿದಳು:

“ಬಂದಾ! ನಮ್ಮ ಮಾಮಾ ಬಂದಾ! ಎಲ್ಲಾರೂ ಸುಮ್ನ ಕುಂದರ್ರಿ, ಎಮ್ಮಿ ಮಲಗೇತಿ!”

ಅಕ್ಕ ಸೀಮಾಳ ಮಗಳು ಅವಳು. ನಾಲ್ಕು ವರ್ಷದ್ದು, ನಾಲ್ಕು ಮಂದಿಗಾಗುವಷ್ಟು ಬಾಯಿ. ಆ ಕೂಗು ಕೇಳಿ ದುಂಡೇಶ ಇನ್ನೊಂದು ಚಪ್ಪಲಿಯನ್ನೂ ಬಿಟ್ಟ.

ಇದೆಲ್ಲ ಅಂಗನವಾಡಿಯ ಶಿಕ್ಷಕಿ ಕಸ್ತೂರೆವ್ವ ಬಾಯಾರು ಹುಟ್ಟಿಸಿದ ಪದ್ಧತಿ. ಚಿತ್ರದ ಪುಸ್ತಕಗಳ ಒಂದು ಗಂಟು ಅವರಿಗೆ ಎಲ್ಲಿಂದಲೋ ಬಂದಿತ್ತು. ಒಂದೊಂದು ಮಗುವಿಗೆ ಒಂದೊಂದು ಪುಸ್ತಕ ಮನೆಗೆ ಕೊಟ್ಟು, ಶನಿವಾರಕ್ಕೊಮ್ಮೆ ಒಂದು ಮನೆಯವರು ಬಂದು ಎಲ್ಲ ಮಕ್ಕಳಿಗೂ ಓದಿ ಹೇಳಬೇಕು ಎಂದು ನೇಮ ಮಾಡಿದ್ದರು. ಕೋಮಲಳ ಪಾಳಿ ಬಂದಾಗ ಅವಳಪ್ಪ ಲಾರಿ ತಗೊಂಡು ಹೋಗಿದ್ದ. ಸೀಮಾ ನಿಪ್ಪಾಣಿಯ ತಂಬಾಕಿನ ಗೋದಾಮಿಗೆ ಹೋಗಬೇಕಿತ್ತು. ಅವರಿಬ್ಬರೂ ಬಿಡುವಾಗಿದ್ದರೂ ಅಷ್ಟೇ. ಕೋಮಲ ಮೊದಲೇ ಸಾರಿಬಿಟ್ಟಿದ್ದಳು: “ನಮ್ಮ ಮಾಮಾನ ಓದಬೇಕು. ಅಂವನಂಗ ಯಾರಿಗೂ ಬರೂದಿಲ್ಲ.”

ಸಂಕಟ ಇದ್ದದ್ದು ಅಲ್ಲೇ. ದುಂಡೇಶನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಮನೆಯ ಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ಈ ಗಡಿಯ ಕಡೆ ಅದೇನು ದೊಡ್ಡ ಸಂಗತಿಯಲ್ಲ. ಯಾವ ಶಾಲೆ ಓಣಿಗೆ ಹತ್ತಿರವೋ ಅದಕ್ಕೆ ಹಾಕುತ್ತಾರೆ. ಏಳನೇ ತರಗತಿ ಮುಗಿಯುವ ಮೊದಲೇ ಒಬ್ಬ ಮಾಸ್ತರ ಹೊಡೆದ, ಇವನು ಪಾಟಿ ಎಸೆದು ಹೊರಬಿದ್ದ, ಮರುದಿನದಿಂದ ಮಗ್ಗ ಹಿಡಿದ. ಕನ್ನಡ ಅಕ್ಷರ ಅವನಿಗೆ ಸಿಕ್ಕದ್ದು ಬಸ್ಸಿನ ಬೋರ್ಡಿನಲ್ಲಿ ಮಾತ್ರ: ಚಿಕ್ಕೋಡಿ, ರಾಯಬಾಗ, ಅಥಣಿ. ಅಲ್ಲಿಂದಾಚೆಗೆ ಅವನ ಓದಿನ ಬಸ್ಸು ಹೋಗುತ್ತಿರಲಿಲ್ಲ. ಅದೇ ಶಾಲೆಯಲ್ಲಿ ಪಕ್ಕದಲ್ಲಿ ಕೂತಿದ್ದ ವಿಕ್ರಾಂತ ಮುಂದೆ ನಿಪ್ಪಾಣಿಯಲ್ಲಿ ಕಾಲೇಜು ಮುಗಿಸಿ ಎಲ್ಲ ಅಕ್ಷರವನ್ನೂ ಕಲಿತುಕೊಂಡಿದ್ದ. ಇವನಿಗೆ ಬರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೋಮಲಳಿಗೆ ಮಾತ್ರ ಗೊತ್ತಿರಲಿಲ್ಲ.

ಅವಳಿಗೆ ಗೊತ್ತಾಗುವುದಾದರೂ ಹೇಗೆ? ದಿನಾ ಬೆಳಿಗ್ಗೆ ಪಾಳಿ ಮುಗಿಸಿ ಬಂದು ಅವನು ಚಾಪೆಯ ಮೇಲೆ ಉರುಳುವುದೇ ತಡ, ಪುಸ್ತಕ ಹೊತ್ತು ಬಂದು ಎದೆಯ ಮೇಲೆ ಕೂರುತ್ತಿದ್ದಳು. ಹಿಂದಿನ ವರ್ಷದ ಮಕ್ಕಳು ರಟ್ಟು ಕಿತ್ತು ಹಾಕಿದ್ದರಿಂದ ಬಾಯಾರು ಎರಡೂ ಬದಿಗೆ ಖಾಕಿ ಕಾಗದ ಅಂಟಿಸಿದ್ದರು. ಮುಂದು ಯಾವುದು ಹಿಂದು ಯಾವುದು ತಿಳಿಯುತ್ತಿರಲಿಲ್ಲ. ಮೊದಲ ದಿನ ಅವಳು ತೆರೆದದ್ದು ಕೊನೆಯ ಪುಟವನ್ನು. ಅದರಲ್ಲಿ ಒಂದು ಎಮ್ಮೆ ಕಾಲು ಚಾಚಿ ಮಲಗಿತ್ತು.

“ಎಮ್ಮಿ ಮಲಗೇತಿ,” ಎಂದ ದುಂಡೇಶ ಒಂದು ಕಣ್ಣು ತೆರೆದು.

“ಮುಂದ?”

ಮಲಗಿದ ಎಮ್ಮೆಯನ್ನು ಮತ್ತೇನು ಮಾಡುತ್ತಾರೆ? “ಹಾಲ ಹಿಂಡೂ ಹೊತ್ತಾತು. ಎಬ್ಬಸಬೇಕು.”

ಅಲ್ಲಿಂದ ಕಥೆ ಹಿಂದಕ್ಕೆ ಸಾಗಿತು, ಮತ್ತು ಸರಿಯಾಗಿಯೇ ಸಾಗಿತು. ಒಂದು ಪುಟದಲ್ಲಿ ಹುಡುಗಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. “ಎಮ್ಮಿ ಮೂಗಿನಾಗ ಬೆರಳ ಹಾಕು,” ಎಂದು ಓದಿದ ದುಂಡೇಶ. ಕೋಮಲ ಅವನ ಮೂಗಿನಲ್ಲೇ ಹಾಕಿದಳು. ಇನ್ನೊಂದರಲ್ಲಿ ಅಜ್ಜಿ ಬೀಸಣಿಕೆ ಹಿಡಿದಿದ್ದಳು. “ಅದರಲೇ ಎರಡ ಬಡಿ.” ಇನ್ನೊಂದರಲ್ಲಿ ತಾಯಿಯೊಬ್ಬಳು ಎಮ್ಮೆಯ ಕಿವಿಯ ಬಳಿ ಬಾಯಿ ತೆರೆದು ಕೂತಿದ್ದಳು. “ಕಿವ್ಯಾಗ ಒದರು, ಜೋರ!” ಮಗ್ಗದ ಶೆಡ್ಡಿನಲ್ಲಿ ಹಗಲಿರುಳು ಖಟಖಟದ ನಡುವೆ ಮಾತಾಡುವವನಿಗೆ, ಕಿವಿಯ ಹತ್ತಿರ ಬಾಯಿ ಒಯ್ಯುವುದು ಒದರುವುದಕ್ಕೇ. ಮೆಲ್ಲಗೆ ಹಾಡುವುದಕ್ಕೂ ಹಾಗೆ ಕೂರುತ್ತಾರೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಕೋಮಲ ಒದರಿದಳು, ಪಕ್ಕದ ಮನೆಯ ಗಿರಿಜವ್ವ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದಳು. ಕೊನೆಗೆ, ಅಂದರೆ ಮೊದಲ ಪುಟದಲ್ಲಿ, ಎಮ್ಮೆ ಕಣ್ಣರಳಿಸಿ ಎರಡು ಕಾಲಿನ ಮೇಲೆ ಕುಣಿಯುತ್ತಿತ್ತು. ದುಂಡೇಶ ಎದ್ದು ಕುಣಿಯಲೇಬೇಕಾಯಿತು. ಆಮೇಲೆ ದಿನಾ ಕುಣಿದ. ನಿದ್ದೆಗೆ ಬಂದವನು ನಿದ್ದೆ ಬಿಟ್ಟು ಕುಣಿಯುತ್ತಿದ್ದ, ಸೀಮಾ ರೊಟ್ಟಿ ಬಡಿಯುತ್ತ, “ಮಂದಿ ಮಕ್ಕಳು ಪುಸ್ತಕ ಕೇಳಿ ಸುಮ್ನ ಆಕ್ಕಾವ, ನಂದೊಂದ ಹುಚ್ಚ ಹಿಡದಂಗ ಮಾಡತೈತಿ. ಅದರಾಗ ಏನ ಬರದಾರೋ ಮಾರಾಯಾ!” ಎನ್ನುತ್ತಿದ್ದಳು.

ಏನು ಬರೆದಿದ್ದಾರೆ ಎಂದು ಅವನೂ ಆ ಸಾಲುಗಳನ್ನು ಒಂದೆರಡು ಸಲ ದಿಟ್ಟಿಸಿ ನೋಡಿದ್ದ. ಯಾರನ್ನಾದರೂ ಕೇಳಿದರೆ ಬರುವುದಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ. ಕೇಳಲಿಲ್ಲ. ಊರೆಲ್ಲ ತನ್ನನ್ನು ಓದು ಬಿಟ್ಟವನು ಅಂದರೂ, ತಾನು ಬಾಯಿ ತೆರೆದರೆ ಅದು ಪುಸ್ತಕದ ಮಾತೇ ಎಂದು ನಂಬುವ ಜೀವ ಇಡೀ ಬೋರಗಾಂವದಲ್ಲಿ ಇದೊಂದೇ ಇತ್ತು. ಅದನ್ನು ಕಳೆದುಕೊಳ್ಳುವುದಕ್ಕೆ ಅವನು ತಯಾರಿರಲಿಲ್ಲ.

ಈಗ ಆ ಜೀವ ಪುಸ್ತಕ ತಂದು ಅವನ ಕೈಗಿಟ್ಟು, ಮಕ್ಕಳ ಕಡೆ ತಿರುಗಿ, “ಕಿವಿ ಮುಚ್ಚಗೋಬ್ಯಾಡ್ರಿ,” ಎಂದು ಅಪ್ಪಣೆ ಕೊಟ್ಟಿತು.

ದುಂಡೇಶ ಕೊನೆಯ ಪುಟ ತೆರೆದ.

“ಎಮ್ಮಿ... ಮಲಗೇತಿ,” ಎಂದ.

“ಎಲ್ಲಿ ಐತಿ ಎಮ್ಮಿ?” ಎಂದಿತು ಒಂದು ಮಗು.

ಅವನಿಗೆ ಏನು ತೋಚಿತೋ, ಪುಸ್ತಕವನ್ನು ಕೋಮಲಳ ಕೈಗೆ ಕೊಟ್ಟು ತಾನೇ ಚಾಪೆಯ ಮೇಲೆ ದಪ್ಪನೆ ಉರುಳಿ ಗೊರಕೆ ಹೊಡೆದ. ತಾಯಂದಿರು ಮುಖ ಮುಖ ನೋಡಿಕೊಂಡರು. ಕೋಮಲ ಪುಟ ತೋರಿಸುತ್ತ, “ಬೆರಳ!” ಎಂದಳು. ಮಲಗಿದಲ್ಲಿಂದಲೇ ದುಂಡೇಶ, “ಮೂಗಿನಾಗ ಬೆರಳ ಹಾಕ್ರಿ,” ಎಂದು ಓದಿದ. ಅದನ್ನು ಹೇಳಬಾರದಿತ್ತು. ಹದಿನೈದಿಪ್ಪತ್ತು ಮಕ್ಕಳು, ಒಂದೇ ಮೂಗು. ಬಡಿದರು, ಕೆರೆದರು, ಬಾಲವಿಲ್ಲವೆಂದು ಅಂಗಿ ಹಿಡಿದೆಳೆದರು. “ಕಿವ್ಯಾಗ ಒದರ್ರಿ!” ಎಂದಾಗ ಎದ್ದ ಕೂಗಿಗೆ ಕಸ್ತೂರೆವ್ವ ಬಾಯಾರು ಕುಕ್ಕರು ಸಿಡಿಯಿತೆಂದು ಅಡುಗೆಯ ಕಡೆ ಓಡಿದರು. ಎಮ್ಮೆ ಎದ್ದು ಕುಣಿಯಿತು. ಅದರ ಬೆನ್ನ ಮೇಲೆ ಇಬ್ಬರಿದ್ದರು. ಅವರಲ್ಲೊಬ್ಬ ವಿಕ್ರಾಂತನ ಮಗ ಸನ್ಮತಿ. ಮನೆಯಲ್ಲಿ ಮಾತೇ ಆಡದ ಹುಡುಗ ಎಂದು ಹೆಸರಾಗಿದ್ದವನು ಈಗ “ಒದಿ ಎಮ್ಮಿ, ಒದಿ!” ಎಂದು ಕಿರುಚುತ್ತಿದ್ದ. ತಾಯಂದಿರು ಈ ಸಲ ಸೆರಗು ಬಾಯಿಗೆ ಒತ್ತಿಕೊಳ್ಳದೆ ನಕ್ಕರು.

ಬಾಯಾರು ಮರಳಿ ಬಂದು, ಕೋಮಲ ಕೊನೆಯಿಂದ ಮೊದಲ ಪುಟಕ್ಕೆ ಬಂದು ಮುಟ್ಟಿದ್ದು ನೋಡಿ, “ಅಲ್ಲೋ ದುಂಡೇಶಾ, ಇದು...” ಎಂದವರು ಅವನ ಮುಖ ಕಂಡು ಮಾತು ನುಂಗಿ, “ನೀರ ಕುಡೀತಿಯೇನಪಾ?” ಎಂದರು.

ವಿಕ್ರಾಂತ ನುಂಗಲಿಲ್ಲ. ಪುಸ್ತಕ ಎತ್ತಿಕೊಂಡು ಮೊದಲ ಪುಟದಿಂದ ಹಾಳೆ ತಿರುವುತ್ತ, “ನಾ ಓದತೇನಿ ಕೇಳ್ರಿ,” ಎಂದು ಗಟ್ಟಿಯಾಗಿ ಓದಿದ: “‘ಗೌರಿ ಎಮ್ಮೆಗೆ ನಿದ್ದೆ ಬರುತ್ತಿಲ್ಲ. ಮಕ್ಕಳೇ, ಅದರ ಬೆನ್ನನ್ನು ಮೆಲ್ಲಗೆ ಕೆರೆಯಿರಿ. ಕಿವಿಯಲ್ಲಿ ಲಾಲಿ ಹಾಡಿರಿ. ಶ್... ಸದ್ದು ಮಾಡಬೇಡಿ.’ ಇದು ಎಮ್ಮಿ ಮಲಗಸೂ ಪುಸ್ತಕ! ಇಂವಾ ಹಿಂದಿನಿಂದ ಹಿಡದು ಎಬ್ಬಿಸ್ಯಾನ!”

ಕೋಮಲ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮಾಮಾ, ಈ ಕಾಕಾ ಸುಳ್ಳ ಹೇಳತಾನಲ್ಲ?”

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ಓದು ಕಲಿಯುವ ತನಕ ನಂಬಿಕೊಂಡೇ ಇರುತ್ತಿದ್ದಳು. ವಿಕ್ರಾಂತನನ್ನು ಕುತ್ತಿಗೆ ಹಿಡಿದು ಹೊರಗೆ ನೂಕುವಷ್ಟು ಸಿಟ್ಟೂ ಅವನೊಳಗೆ ಕುದಿಯುತ್ತಿತ್ತು. ಆದರೆ ಅವಳು ಮುಖವೆತ್ತಿ ತನ್ನನ್ನೇ ನೋಡುತ್ತಿದ್ದ ರೀತಿಗೆ ಅವನ ಬಾಯಿಂದ ಸುಳ್ಳು ಹೊರಡಲಿಲ್ಲ. ಮೊಣಕಾಲೂರಿ ಅವಳೆದುರು ಕೂತ.

“ಇಲ್ಲ, ಅವ್ವಿ. ಕಾಕಾ ಖರೇನ ಓದ್ಯಾನ. ನನಗ ಈ ಅಕ್ಷರಾ ಬರೂದಿಲ್ಲ. ನಾ ಕಲತದ್ದು ಬ್ಯಾರೆ ಅಕ್ಷರಾ.”

“ಮತ್ತ ದಿನಾ ಓದತಿದ್ದಿ?”

“ಚಿತ್ರಾ ನೋಡಿ ಹೇಳತಿದ್ದೆ.”

ಕೋಮಲ ಹುಬ್ಬು ಗಂಟಿಕ್ಕಿದಳು. ಅಂಗನವಾಡಿ ಪೂರ್ತಿ ಅವಳ ಬಾಯಿ ಕಾಯುತ್ತಿತ್ತು. ಪುಸ್ತಕವನ್ನೊಮ್ಮೆ, ವಿಕ್ರಾಂತನನ್ನೊಮ್ಮೆ, ಮಾಮನನ್ನೊಮ್ಮೆ ನೋಡಿದಳು. ಆಮೇಲೆ ಲೆಕ್ಕ ಹತ್ತಿದವಳಂತೆ ಕೇಳಿದಳು:

“ಕಾಕಾ, ನಿನಗ ಎಮ್ಮಿ ಎಬ್ಬಸಾಕ ಬರತೈತೇನ?”

“ಅದನ್ನ ಬರದೇ ಇಲ್ಲವಾ ಇದರಾಗ,” ಎಂದ ವಿಕ್ರಾಂತ.

“ಬರೂದಿಲ್ಲ ಅಂತ,” ಎಂದು ಅವಳು ಮಕ್ಕಳಿಗೆ ವಿವರಿಸಿದಳು, ಸ್ವಲ್ಪ ಮರುಕದಿಂದಲೇ. “ಈ ಕಾಕಾಗ ಬರೇ ಮಲಗಸಾಕ ಬರತೈತಿ. ಅಂವಾ ಮಲಗಸಲಿ. ಆಮ್ಯಾಲ ಮಾಮಾ ಎಬ್ಬಸ್ತಾನ.”

“ನಾ ಎಮ್ಮಿ!” ಎಂದು ಸನ್ಮತಿ ಚಾಪೆಯ ಮೇಲೆ ಬಿದ್ದುಕೊಂಡ.

ಹೊಸದಾಗಿ ಬಾಯಿ ಬಂದ ಮಗ ಕಾಲು ಚಾಚಿ ಕಾಯುತ್ತಿರುವಾಗ ಇಲ್ಲವೆನ್ನುವುದು ಹೇಗೆ? ವಿಕ್ರಾಂತ ಕೂತು ಓದಿದ. ಕಾಲೇಜು ಓದಿದವನಂತೆ ನೆಟ್ಟಗೆ ಓದಿದ. ಲಾಲಿ ಹಾಡುವ ಪುಟ ಬಂದಾಗ ಕೆಮ್ಮಿ ಅದನ್ನು ಹಾರಿಸಲು ನೋಡಿದ. “ಹಾಡಂತ ಬರದೈತಲ್ಲೋ, ನೀನ ಓದಿದಿ,” ಎಂದರು ಬಾಯಾರು. ಹಾಡಿದ. ಒಡಕು ದನಿ. ದುಂಡೇಶ ಗೋಡೆಗೆ ಒರಗಿ ಮೊದಲ ಸಲ ಆ ಕಥೆಯನ್ನು ಬರೆದ ಹಾಗೆ ಕೇಳಿದ. ಇದೂ ಚಲೋ ಐತಿ ಎಂದು ಅವನಿಗೆ ಅನಿಸಿತು. ಅನಿಸಿದ್ದಕ್ಕೆ ಮತ್ತೆ ಸಿಟ್ಟು ಬಂತು.

ಎಮ್ಮೆ ಮಲಗಿತು. ಕೊನೆಯ ಪುಟದಲ್ಲಿ ಪುಸ್ತಕ ಕೈ ಬದಲಾಯಿಸಿತು. ಎಮ್ಮೆ ಎದ್ದಿತು, ಕುಣಿಯಿತು, ಮಲಗಿತು, ಎದ್ದಿತು. ಖಿಚಡಿ ಆರಿದ್ದರೂ ಯಾರೂ ತಾಟು ಹಿಡಿಯಲಿಲ್ಲ. ಬಾಯಾರು ಕೊನೆಗೆ ಪುಸ್ತಕವನ್ನೇ ಕಸಿದುಕೊಂಡು ಕಪಾಟಿನ ಮೇಲಿಟ್ಟರು.

ಹೊರಗೆ ದುಂಡೇಶ ಚಪ್ಪಲಿ ಮೆಟ್ಟಿ ಕೋಮಲಳನ್ನು ಎತ್ತಿಕೊಳ್ಳುತ್ತಿದ್ದಾಗ ವಿಕ್ರಾಂತ ಹಿಂದೆ ಬಂದ. ಸನ್ಮತಿ ಅವನ ಬೆರಳು ಜಗ್ಗುತ್ತಿದ್ದ.

“ಲೇ ದುಂಡ್ಯಾ, ಸಿಟ್ಟಾಗೀಯೇನ? ಚೇಷ್ಟಿಗಿ ಅಂದಿದ್ದೆ. ಮನಿಗಿ ಬಾರಲಾ ಒಂದಿನ, ಇಂವಾ ಬಿಡವಲ್ಲ ನನ್ನ.”

ದುಂಡೇಶನ ಬಾಯಿಗೆ ಉತ್ತರ ಬಂತು. ತಾಯಂದಿರೆಲ್ಲ ಕೇಳುವಂತೆ ಹಂಗಿಸಿ, ಒಬ್ಬನೇ ಇದ್ದಾಗ ಚೇಷ್ಟೆ ಅನ್ನುವವನಿಗೆ ಶೆಡ್ಡಿನಲ್ಲಿ ಏನೇನು ಅನ್ನುತ್ತಾರೋ ಅದಷ್ಟೂ ಸಾಲಾಗಿ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕೋಮಲಳ ಮುಖ ಕಂಡ. ಕಂಕುಳಲ್ಲಿ ಕೂತವಳು ಅವನ ತುಟಿಗಳನ್ನೇ ನೋಡುತ್ತಿದ್ದಳು, ತನ್ನ ತುಟಿಗಳನ್ನೂ ಅರ್ಧ ತೆರೆದುಕೊಂಡು, ಅವನಿಂದ ಏನು ಬಂದರೂ ಕೂಡಲೇ ಕಲಿತು ಊರಿಗೆಲ್ಲ ಹೇಳುವುದಕ್ಕೆ ಸಿದ್ಧವಾಗಿ.

ಅವನು ಬಾಯಿ ಮುಚ್ಚಿದ. ಅವಳನ್ನು ಹೆಗಲಿಗೆ ಏರಿಸಿಕೊಂಡು ಮನೆಯ ಕಡೆ ಹೆಜ್ಜೆ ಹಾಕಿದ.