ಧನು ರಾಶಿಯ ಹೊಸ ಚುಕ್ಕೆ

ಎರಡು ಸಾವಿರದ ಹನ್ನೆರಡರ ಜೂನ್. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳೆಲ್ಲ ದಡ ಹತ್ತಿದ್ದವು. ಕಡಲ ಕೆಲಸವಿಲ್ಲದ ರತೀಶ ಬೆಳಿಗ್ಗೆಯೇ ಕುಡಿದು ಬರುತ್ತಿದ್ದ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಹೆಂಡತಿ ಸುಪ್ರೀತಾ ಬಿಡುವಾದಾಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವುದು ಅವನಿಗೆ ಸೇರುತ್ತಿರಲಿಲ್ಲ.

ಆಸ್ಟ್ರೇಲಿಯಾದ ಗುಡ್ಡವೊಂದರ ಮೇಲೆ ಟೆಲಿಸ್ಕೋಪೊಂದು ಆಳಿನ ಹಂಗಿಲ್ಲದೆ ಆಕಾಶದ ಫೋಟೊ ಹೊಡೆಯುತ್ತಿತ್ತು. ಹಳೆಯ ಫೋಟೊಗೂ ಹೊಸದಕ್ಕೂ ವ್ಯತ್ಯಾಸ ಕಂಡರೆ ಯಂತ್ರವೇ ಗುರುತು ಹಾಕುತ್ತಿತ್ತು. ಅದರಲ್ಲಿ ಜಳ್ಳೆಷ್ಟು, ಕಾಳೆಷ್ಟು ಎಂದು ಮನೆಯಲ್ಲೇ ಕೂತು ಆರಿಸಿಕೊಡುವ ಸ್ವಯಂಸೇವಕರಲ್ಲಿ ಸುಪ್ರೀತಾ ಒಬ್ಬಳು.

ಆ ಭಾನುವಾರ ಧನು ರಾಶಿಯ ನಕ್ಷತ್ರಗಳ ದಟ್ಟಣೆಯೊಳಗೆ ಅವಳಿಗೊಂದು ಚುಕ್ಕೆ ಕಂಡಿತು. ಹಳೆಯ ಫೋಟೊಗಳಲ್ಲಿ ಅಲ್ಲಿ ಬರೀ ಕಪ್ಪು. ಕ್ಷುದ್ರಗ್ರಹವಾಗಿದ್ದರೆ ಜಾಗ ಬದಲಿಸಬೇಕಿತ್ತು. ಇದು ಕದಲದೆ, ಎರಡನೇ ರಾತ್ರಿಯ ಫೋಟೊದಲ್ಲಿ ಇನ್ನಷ್ಟು ಬೆಳಗಿತ್ತು. ನೋವಾ! ಸತ್ತ ನಕ್ಷತ್ರವೊಂದು ಪಕ್ಕದ ನಕ್ಷತ್ರದ ಅನಿಲವನ್ನು ಮೈಮೇಲೆ ಎಳೆದುಕೊಂಡು ಸಿಡಿದಿತ್ತು. ತಂಡದ ಮುಖ್ಯಸ್ಥ ಪೀಟರ್‌ಗೆ ಇಮೇಲ್ ಬರೆಯತೊಡಗಿದಳು.

"ಯಾರೇ ಅವ, ಪೀಟರ?" ಹಿಂದಿನಿಂದ ರತೀಶ ಜಡೆ ಹಿಡಿದೆಳೆದ.

"ನಕ್ಷತ್ರದ್ ಕೆಲ್ಸ ಮಾರಾಯ್ರೆ, ಬಿಡಿ!"

ಕೆನ್ನೆಗೆ ಬಿದ್ದ ಪೆಟ್ಟಿಗೆ ಅವಳ ಬಾಯಲ್ಲಿ ರಕ್ತ ಬಂತು. ಅವನು ಮಾನಿಟರ್ ಎತ್ತಿ ನೆಲಕ್ಕೆ ಅಪ್ಪಳಿಸಿದ. ತಡೆಯಹೋದವಳ ಬಲಗೈಯನ್ನು ತಿರುಚಿದ. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು.

ಒಣಮೀನು ಮಾರಿ ಆಗಷ್ಟೇ ಬಂದಿದ್ದ ಅತ್ತೆ ಅಕ್ಕು ಬುಟ್ಟಿ ಎಸೆದು, ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟನ್ನೇ ಎತ್ತಿ ಮಗನ ಮೊಣಕಾಲಿಗೆ ಬೀಸಿದಳು. ಬಿದ್ದವನು ಎದ್ದು ತಾಯಿಯ ಕುತ್ತಿಗೆಗೇ ಕೈ ಹಾಕಿದ. ಮುದುಕಿಯ ಕಣ್ಣು ಮೇಲಾದದ್ದನ್ನು ಕಂಡ ಸುಪ್ರೀತಾ ಎಡಗೈಯಲ್ಲಿ ಸ್ಟೂಲ್ ಎತ್ತಿ ಅವನ ತಲೆಗೆ ಕುಕ್ಕಿದಳು. ಅವನು ಕುಸಿದ.

"ನಡಿ ಹೆಣೆ, ಆಸ್ಪತ್ರೆಗೆ ಹೋಪ," ಎಂದಳು ಅಕ್ಕು ಸೊಸೆಗೆ, ಏದುಸಿರು ಬಿಡುತ್ತ.

"ಮೊದ್ಲ್ ಸೈಬರಿಗೆ ಹೋಪ, ಅತ್ತೆ."

ಅಕ್ಕು ಒಂದು ಗಳಿಗೆ ಸೊಸೆಯ ಮುಖ ನೋಡಿದಳು. ಆಮೇಲೆ ಆಟೋ ಕೂಗಿದಳು.

ಪೇಟೆಯಲ್ಲಿ ಸೈಬರ್ ಕೆಫೆ ನಡೆಸುವ ಶೈಲೇಶ್ ಸುಪ್ರೀತಾಳ ಅವಸ್ಥೆ ನೋಡಿ ಬೆಚ್ಚಿದ. "ಟೈಪ್ ಮಾಡು, ಹೇಳ್ತೆ," ಎಂದಳು. ನಕ್ಷತ್ರದ ಸ್ಥಾನ, ಪ್ರಭೆ ಎಲ್ಲ ಬಾಯಲ್ಲೇ ಇತ್ತು. ಅರ್ಧ ಆಗುವಷ್ಟರಲ್ಲಿ ಬಾಗಿಲ ಗಾಜು ಒಡೆದು ಚೂರುಗಳು ಒಳಗೆ ಸುರಿದವು. ಎಚ್ಚರವಾಗಿ ಅವರನ್ನು ಹುಡುಕಿಕೊಂಡು ಬಂದಿದ್ದ ರತೀಶ ತಲೆಯಿಂದ ನೆತ್ತರು ಸೋರುತ್ತ ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದ. ಅಕ್ಕು ಅಡ್ಡ ಹೋದಳು. ಕತ್ತಿ ಅವಳ ತೋಳನ್ನು ಸೀಳಿತು. ಅಷ್ಟರಲ್ಲಿ ರಿಕ್ಷಾ ಸ್ಟ್ಯಾಂಡಿನವರು ನುಗ್ಗಿ ಅವನನ್ನು ಕೆಡವಿ, ತುಳಿದು, ಬಲೆಯ ಹಗ್ಗದಲ್ಲಿ ಕಟ್ಟಿದರು.

"ಕಳ್ಸು," ಎಂದಳು ಸುಪ್ರೀತಾ. ಶೈಲೇಶ ಉಳಿದದ್ದನ್ನೂ ಅವಳಿಂದ ಕೇಳಿ ಟೈಪ್ ಮಾಡಿದ. ಆಮೇಲೆ ಕಳಿಸಿದ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಂದಾಪುರದ ಆಸ್ಪತ್ರೆಯಲ್ಲಿದ್ದಾಗ ಪೀಟರ್ ಫೋನ್ ಮಾಡಿದ. ಬೇರೆ ದೂರದರ್ಶಕದಲ್ಲೂ ನೋಡಿದ್ದರು, ನೋವಾ ನಿಜವೇ. ಜಪಾನಿನವನೊಬ್ಬ ಅವಳಿಗಿಂತ ತುಸು ಮೊದಲು ತಿಳಿಸಿದ್ದರಿಂದ ಪತ್ತೆ ಹಚ್ಚಿದವರ ಪಟ್ಟಿಯಲ್ಲಿ ಇಬ್ಬರ ಹೆಸರೂ ಸೇರುತ್ತದಂತೆ. ಸುಪ್ರೀತಾ ಮೊದಲು ನಕ್ಕಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಪೊಲೀಸರು ಬಂದರು. "ಮಗನ್ ಮೇಲೆ ಕೇಸ್ ಹಾಕ್ತ್ರಿಯಾ ಅಮ್ಮಾ?" ಎಂದು ಕೇಳಿದರು.

ತೋಳಿಗೆ ಹೊಲಿಗೆ ಬಿದ್ದಿದ್ದ ಅಕ್ಕು ಮಂಚದಲ್ಲಿ ಎದ್ದು ಕೂತಳು. "ಹೆತ್ತದ್ ನಾನೇ," ಎಂದಳು. "ಎಲ್ಲಿ ಹೆಬ್ಬೆಟ್ ಒತ್ತುದ್, ಹೇಳಿ."